ಅಪರಿಚಿತರಿಗೆ ಪುಟಗಟ್ಟಲೆ, ಅಣ್ಣನ ಮಗಳಿಗೆ ನಾಲ್ಕೇ ಪದ

ಪ್ರಶ್ನೆ: ನನಗೆ 36 ವರ್ಷ. ಮಂಡ್ಯದ ಸಹಕಾರ ಸಂಘವೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಟಿ.ವಿ.ಯಲ್ಲಿ ಬರುವ ಹಾಡಿನ ಸ್ಪರ್ಧೆಗಳನ್ನು ಹೈಸ್ಕೂಲಿನ ದಿನಗಳಿಂದ ಬಿಡದೆ ನೋಡಿಕೊಂಡು ಬಂದಿದ್ದೇನೆ. ಯಾರು ಹೇಗೆ ಹಾಡಿದರು ಎಂಬುದನ್ನು ನೋಟ್‌ಬುಕ್ಕಿನಲ್ಲಿ ಬರೆದಿಡುವ ಅಭ್ಯಾಸವೂ ಇದೆ. ಮನೆಯಲ್ಲಿ ಎಲ್ಲರೂ ನನ್ನನ್ನು ‘ಜಡ್ಜಮ್ಮ’ ಎಂದೇ ಕರೆಯುತ್ತಾರೆ. ಮೈಸೂರಿನಲ್ಲಿರುವ ಅಣ್ಣನ ಮಗಳಿಗೆ 13 ವರ್ಷ, ಸಂಗೀತ ಕಲಿಯುತ್ತಿದ್ದಳು. ಗೌರಿ ಹಬ್ಬಕ್ಕೆ ನಮ್ಮ ಮನೆಗೆ ಬಂದಾಗ ಮೊಬೈಲಿನಲ್ಲಿ ಟ್ರ್ಯಾಕ್ (ಹಾಡಿನ ಹಿನ್ನೆಲೆ ವಾದ್ಯಸಂಗೀತ) ಹಾಕಿಕೊಂಡು ಒಂದು ಸಿನಿಮಾ ಹಾಡು ಹಾಡಿ, “ಅತ್ತೆ, ಹೇಗಿತ್ತು? ನಿಜ ಹೇಳಿ” ಎಂದಳು. ಮೇಲಿನ ಸ್ವರಗಳಲ್ಲಿ ಶ್ರುತಿ ಜಾರುತ್ತಿತ್ತು. ನಾನು ಬಂಧುಗಳೆಲ್ಲರ ಮುಂದೆಯೇ, “ನಿನ್ನದು ಟಿ.ವಿ.ಗೆ ಆಗುವ ಕಂಠವಲ್ಲ” ಎಂದುಬಿಟ್ಟೆ. ಅಂದಿನಿಂದ ಅವಳು ಸಂಗೀತದ ಪಾಠಕ್ಕೆ ಹೋಗಿಲ್ಲ, ಎರಡು ತಿಂಗಳಾಯಿತು. ಅತ್ತಿಗೆ ಮಾತು ಬಿಟ್ಟಿದ್ದಾರೆ. ಇನ್ನೇನು ಆಡಿಷನ್ ಬರುತ್ತದೆ, ಹೋಗು ಎಂದು ನೀನೇ ಅವಳಿಗೆ ಹೇಳಬೇಕು ಎಂದು ಅಣ್ಣ ಅಮ್ಮನ ಮೂಲಕ ಹೇಳಿ ಕಳುಹಿಸಿದ್ದಾರೆ. ಯಜಮಾನರು, ಈ ಹುಚ್ಚನ್ನೇ ಬಿಟ್ಟುಬಿಡು ಎನ್ನುತ್ತಾರೆ. ನಾನು ಹೇಳಿದ್ದು ನಿಜ. ಈಗ ಸುಳ್ಳು ಹೇಳಲೇ?

ಉತ್ತರ: ಪತ್ರದ ಜೊತೆಗೆ ನಿಮ್ಮ ನೋಟ್‌ಬುಕ್ಕಿನ ಮೂರು ಪುಟಗಳನ್ನೂ ಕಳುಹಿಸಿದ್ದೀರಿ. ನಾನು ಪತ್ರಕ್ಕಿಂತ ಮೊದಲು ಅವನ್ನೇ ಓದಿದೆ, ಎರಡು ಸಲ ಓದಿದೆ. ಒಬ್ಬ ಸ್ಪರ್ಧಿಯ ಬಗ್ಗೆ ನೀವು ಬರೆದಿದ್ದೀರಿ: ಚರಣದ ಮೂರನೆಯ ಸಾಲಿನಲ್ಲಿ ಉಸಿರು ತೆಗೆದುಕೊಂಡ ಜಾಗ ತಪ್ಪು, ಅದರಿಂದ ಒಂದು ಪದ ಎರಡು ತುಂಡಾಯಿತು, ಆದರೆ ಪಲ್ಲವಿಗೆ ಮರಳುವಾಗ ತಾಳಕ್ಕಿಂತ ಕೂದಲೆಳೆಯಷ್ಟು ತಡೆದು ಬಂದದ್ದು ಬಹಳ ಚೆನ್ನಾಗಿತ್ತು, ಅದನ್ನು ಯಾರೂ ಹೇಳಿಕೊಟ್ಟಿರಲಾರರು. ಇಷ್ಟು ಸೂಕ್ಷ್ಮವಾಗಿ ಕೇಳುವವರು ನಮ್ಮಲ್ಲಿ ಹೆಚ್ಚಿಲ್ಲ. ನೀವು ಎಂದೂ ಭೇಟಿಯಾಗದ, ಮುಂದೆಯೂ ಭೇಟಿಯಾಗಲಾರದ ಒಬ್ಬ ಹುಡುಗನಿಗೆ ಅರ್ಧ ಪುಟದ ಗಮನ ಕೊಟ್ಟಿದ್ದೀರಿ. ನಿಮ್ಮ ಎದುರಿಗೆ ನಿಂತು, ಅತ್ತೆ ಎಂದು ಕರೆದು ಕೇಳಿದ ಮಗುವಿಗೆ ಕೊಟ್ಟದ್ದು ನಾಲ್ಕು ಪದ, ಅದೂ ಹಬ್ಬದ ದಿನ, ಬಂಧುಗಳೆಲ್ಲರ ಮುಂದೆ.

ಆದ್ದರಿಂದ ನಿಜವನ್ನು ಹೇಳಬೇಕೋ ಸುಳ್ಳನ್ನು ಹೇಳಬೇಕೋ ಎಂಬ ನಿಮ್ಮ ಪ್ರಶ್ನೆಯನ್ನು ನಾನು ಹಾಗೆಯೇ ಒಪ್ಪಿಕೊಳ್ಳಲಾರೆ. ಅವಳು ಕೇಳಿದ್ದು ಹಾಡು ಹೇಗಿತ್ತು ಎಂದು. ನೀವು ಉತ್ತರಿಸಿದ್ದು ಟಿ.ವಿ.ಯ ಬಗ್ಗೆ. ಆಡಿಷನ್ ಎಂಬ ಮಾತನ್ನು ಆ ಹೊತ್ತು ಅವಳು ಎತ್ತಿರಲೇ ಇಲ್ಲವೆಂದು ನಿಮ್ಮ ಪತ್ರದಿಂದಲೇ ತಿಳಿಯುತ್ತದೆ. ಎಷ್ಟೋ ವರ್ಷಗಳಿಂದ ಶನಿವಾರ ಭಾನುವಾರದ ರಾತ್ರಿಗಳಲ್ಲಿ ಯಾರು ಉಳಿಯಬೇಕು, ಯಾರು ಮನೆಗೆ ಹೋಗಬೇಕು ಎಂದು ತೀರ್ಮಾನಿಸುತ್ತ ಬಂದಿರುವುದರಿಂದ, ಹಾಡು ಕಿವಿಗೆ ಬಿದ್ದ ಕೂಡಲೇ ತೀರ್ಪು ಬಾಯಿಗೆ ಬರುವುದು ನಿಮಗೆ ಅಭ್ಯಾಸವಾಗಿದೆ ಎಂದು ತೋರುತ್ತದೆ. ಆ ತೀರ್ಪು ಪರದೆಯ ಆಚೆಗಿರುವವರಿಗೆ ತಲುಪುವುದಿಲ್ಲವಾದ್ದರಿಂದ ಅದರ ಪೆಟ್ಟು ಎಷ್ಟೆಂದು ನಮಗೆ ಗೊತ್ತಾಗುವುದಿಲ್ಲ.

ಇನ್ನು, ನೀವು ಹೇಳಿದ್ದು ನಿಜವೇ ಎಂಬುದನ್ನೂ ನೋಡೋಣ, ಏಕೆಂದರೆ ನಿಮ್ಮ ಸಂಕಟದ ಬೇರು ಅಲ್ಲಿಯೇ ಇದೆ. ಟಿ.ವಿ.ಯಲ್ಲಿ ನಾವು ಕೇಳುವ ಧ್ವನಿಯು ವೇದಿಕೆಯ ಮೇಲೆ ಗಂಟಲಿನಿಂದ ಹೊರಟ ಧ್ವನಿಯಷ್ಟೇ ಆಗಿರುವುದಿಲ್ಲ. ಒಳ್ಳೆಯ ಮೈಕು, ನುರಿತ ವಾದ್ಯವೃಂದ, ವಾರವಿಡೀ ಮಾರ್ಗದರ್ಶಕರು ಮಾಡಿಸಿದ ತಾಲೀಮು, ಆಮೇಲೆ ಧ್ವನಿಗೆ ಕೊಡುವ ಪ್ರತಿಧ್ವನಿಯ ಗುಂಗು ಮತ್ತು ಏರಿಳಿತದ ಹದ, ಇಷ್ಟೂ ಸೇರಿ ನಮ್ಮ ಮನೆಯ ಸ್ಪೀಕರಿಗೆ ಬರುತ್ತದೆ. 1997ರಲ್ಲಿ ಆಂಡಿ ಹಿಲ್ಡೆಬ್ರಾಂಡ್ ಎಂಬ ಅಮೆರಿಕದ ಎಂಜಿನಿಯರ್ ‘ಆಟೋ ಟ್ಯೂನ್’ ಎಂಬ ತಂತ್ರಾಂಶವನ್ನು ಹೊರತಂದರು. ಅವರು ಅದಕ್ಕೆ ಮೊದಲು ಭೂಗರ್ಭದಲ್ಲಿ ತೈಲವನ್ನು ಹುಡುಕಲು ಕಂಪನದ ಅಲೆಗಳನ್ನು ಲೆಕ್ಕ ಹಾಕುತ್ತಿದ್ದವರು. ಜಾರಿದ ಸ್ವರವನ್ನು ಸ್ಥಾನಕ್ಕೆ ತಂದು ಕೂರಿಸುವ ಆ ಉಪಾಯ ಇಂದು ಜಗತ್ತಿನ ಪಾಪ್ ಸಂಗೀತದಲ್ಲೆಲ್ಲ ಇದೆ. 2010ರಲ್ಲಿ ಬ್ರಿಟನ್ನಿನ ‘ಎಕ್ಸ್ ಫ್ಯಾಕ್ಟರ್’ ಸ್ಪರ್ಧೆಯಲ್ಲಿ ಆಡಿಷನ್ನಿನ ಧ್ವನಿಗಳನ್ನೇ ಪ್ರಸಾರಕ್ಕೆ ಮೊದಲು ಹೀಗೆ ತಿದ್ದಲಾಗಿತ್ತೆಂದು ವೀಕ್ಷಕರು ಗುರುತಿಸಿ ದೊಡ್ಡ ಗಲಾಟೆಯಾಗಿತ್ತು. ನಮ್ಮ ಕಾರ್ಯಕ್ರಮಗಳೂ ಹಾಗೆ ಮಾಡುತ್ತವೆಂದು ನಾನು ಹೇಳುತ್ತಿಲ್ಲ. ಆದರೆ ಸಿನಿಮಾ ಹಾಡುಗಳು, ಪಾಪ್ ಹಾಡುಗಳು, ಟಿ.ವಿ.ಯ ಸ್ಪರ್ಧೆಗಳು ಇವೆಲ್ಲವನ್ನೂ ವರ್ಷಗಟ್ಟಲೆ ಕೇಳಿದ ಕಿವಿಗೆ ಒಂದು ಬಗೆಯ ನುಣುಪು ರೂಢಿಯಾಗಿಬಿಡುತ್ತದೆ. ನಡುಮನೆಯಲ್ಲಿ, ಒಗ್ಗರಣೆಯ ಸದ್ದಿನ ನಡುವೆ, ಮೊಬೈಲಿನ ಪುಟ್ಟ ಸ್ಪೀಕರಿನಿಂದ ಬರುವ ಟ್ರ್ಯಾಕಿಗೆ ಹಾಡಿದ ಹುಡುಗಿಯ ಧ್ವನಿ ಆ ಕಿವಿಗೆ ಒರಟಾಗಿ ಕೇಳಿಸುವುದು ಸಹಜ.

ಆ ಟ್ರ್ಯಾಕಿನ ವಿಷಯವನ್ನೂ ಸ್ವಲ್ಪ ವಿಚಾರಿಸಬೇಕು. ಮೊಬೈಲಿನಲ್ಲಿ ಸಿಗುವ ಟ್ರ್ಯಾಕು ಸಾಮಾನ್ಯವಾಗಿ ಮೂಲ ಗಾಯಕರ ಶ್ರುತಿಯಲ್ಲಿಯೇ ಇರುತ್ತದೆ. ಅದು ಗಂಡು ಗಾಯಕರೊಬ್ಬರು ಹಾಡಿದ ಹಾಡಾಗಿದ್ದರೆ, ಹುಡುಗಿಗೆ ಕೆಳಗಿನ ಸ್ವರಗಳು ತೀರ ಕೆಳಗೆ ಬೀಳುತ್ತವೆ, ಒಂದು ಸ್ಥಾಯಿ (ಒಂದು ‘ಸ’ದಿಂದ ಮುಂದಿನ ‘ಸ’ವರೆಗಿನ ಅಂತರ) ಏರಿಸಿ ಹಾಡಿದರೆ ಮೇಲಿನವು ಕೈಗೆ ಸಿಗುವುದಿಲ್ಲ. ಪ್ರಸಿದ್ಧ ಹಿನ್ನೆಲೆ ಗಾಯಕಿಯೊಬ್ಬರು ಹಾಡಿದ್ದಾದರೂ ಅವರ ಕಂಠದ ಎತ್ತರ ಇವಳದಾಗಿರಬೇಕೆಂದಿಲ್ಲ. ಸಂಗೀತದ ಪಾಠದಲ್ಲಿ ತಂಬೂರಿಯನ್ನೋ ಶ್ರುತಿಪೆಟ್ಟಿಗೆಯನ್ನೋ ಅವಳ ಕಂಠಕ್ಕೆ ಹೊಂದಿಸಿಕೊಂಡು ಹಾಡಿಸುತ್ತಾರೆ. ಟ್ರ್ಯಾಕಿನ ಮುಂದೆ ಅವಳು ತನ್ನ ಕಂಠವನ್ನೇ ಅದಕ್ಕೆ ಹೊಂದಿಸಿಕೊಳ್ಳಬೇಕಾಯಿತು. ಇದರ ಮೇಲೆ 13ರ ವಯಸ್ಸು ಬೇರೆ. ಗಂಡುಮಕ್ಕಳ ಧ್ವನಿ ಒಡೆಯುವುದು ಎಲ್ಲರಿಗೂ ಗೊತ್ತು, ಏಕೆಂದರೆ ಅದು ಸುಮಾರು ಒಂದು ಸ್ಥಾಯಿಯಷ್ಟು ಕೆಳಗಿಳಿಯುತ್ತದೆ. ಹೆಣ್ಣುಮಕ್ಕಳ ಧ್ವನಿಯೂ ಆ ವಯಸ್ಸಿನಲ್ಲಿ ಎರಡು ಮೂರು ಸ್ವರಸ್ಥಾನಗಳಷ್ಟು ಇಳಿದು, ಕೆಲವು ಕಾಲ ಉಸಿರು ಬೆರೆತು, ಮೇಲಿನ ಸ್ವರಗಳಲ್ಲಿ ಅಳ್ಳಾಡುತ್ತದೆ ಎಂಬುದು ಅಷ್ಟಾಗಿ ಯಾರ ಗಮನಕ್ಕೂ ಬರುವುದಿಲ್ಲ. ನೀವು ಕೇಳಿದ ಶ್ರುತಿಯ ಜಾರುವಿಕೆ ನಿಜವೇ ಇರಬಹುದು. ಅದು ಅವಳ ಕಂಠದ ದೋಷವೋ, ಆ ಹಾಡಿನ ಆಯ್ಕೆಯ ದೋಷವೋ, ಆ ವಯಸ್ಸಿನ ದೋಷವೋ ಎಂಬುದನ್ನು ಒಂದು ಹಾಡಿನಿಂದ ತಿಳಿಯಲು ನನಗೂ ಸಾಧ್ಯವಿಲ್ಲ, ನಿಮಗೂ ಸಾಧ್ಯವಿಲ್ಲ.

ನೋಟ್‌ಬುಕ್ಕಿನ ಆ ಪುಟಗಳಲ್ಲಿ ಸ್ಪರ್ಧೆಗಳ ಬಗ್ಗೆ ನೀವು ಬರೆದಿರುವ ಅಭಿಪ್ರಾಯಗಳಲ್ಲಿ ಕೆಲವನ್ನು ನಾನು ಮನಸಾರೆ ಒಪ್ಪುತ್ತೇನೆ. ತಾರಸ್ಥಾಯಿಯ (ಎತ್ತರದ ಸ್ವರಗಳ) ಕೂಗಿಗೆ ಸಿಗುವ ಚಪ್ಪಾಳೆ ಮಂದ್ರದ (ತಗ್ಗಿನ ಸ್ವರಗಳ) ನೆಮ್ಮದಿಗೆ ಸಿಗುವುದಿಲ್ಲ ಎಂಬುದು ಸತ್ಯ. ಹತ್ತು ವರ್ಷದ ಮಕ್ಕಳ ಬಾಯಲ್ಲಿ ವಿರಹದ ಹಾಡುಗಳನ್ನು ಹಾಡಿಸುವುದು ನನಗೂ ಸರಿಯೆನಿಸುವುದಿಲ್ಲ. ಆದರೆ ಜನಪದ ಹಾಡುವವರು ಆ ವೇದಿಕೆಗೆ ತಕ್ಕವರಲ್ಲ, ಅವರು ಕನಿಕರದಿಂದ ಉಳಿಯುತ್ತಾರೆ ಎಂದು ಬರೆದಿರುವುದನ್ನು ನಾನು ಒಪ್ಪುವುದಿಲ್ಲ, ಮತ್ತು ಈ ಮಾತಿಗೂ ನಿಮ್ಮ ಸೋದರ ಸೊಸೆಗೆ ಹೇಳಿದ ಮಾತಿಗೂ ನಂಟಿದೆ. ಹಾವೇರಿ ಜಿಲ್ಲೆಯ ಕುರಿಗಾಹಿ ಹನುಮಂತ ಅವರು ‘ಸರಿಗಮಪ’ದ 15ನೆಯ ಆವೃತ್ತಿಯಲ್ಲಿ ಎರಡನೆಯ ಸ್ಥಾನಕ್ಕೆ ಬಂದದ್ದು ಬಯಲಿನಲ್ಲಿ ಹಾಡಿ ಬೆಳೆದ, ಮುಚ್ಚುಮರೆಯಿಲ್ಲದ ಗಂಟಲಿನಿಂದ. ನಿಮ್ಮ ಜಿಲ್ಲೆಯವರೇ ಆದ ಮಳವಳ್ಳಿ ಮಹದೇವಸ್ವಾಮಿಯವರ ಧ್ವನಿಯನ್ನು ನೆನೆಯಿರಿ. ತಂಬೂರಿ ಹಿಡಿದು ಮಂಟೇಸ್ವಾಮಿ, ಮಾದಪ್ಪನ ಕಥೆಯನ್ನು ರಾತ್ರಿಯಿಡೀ ಹಾಡುವ ನೀಲಗಾರರ ಕಂಠವನ್ನು ಎರಡು ನಿಮಿಷದ ಸಿನಿಮಾ ಹಾಡಿನ ಅಳತೆಗೋಲಿನಿಂದ ಅಳೆಯಲು ಬರುವುದಿಲ್ಲ. ಅಲ್ಲಿ ಬೇಕಾದದ್ದು ದಣಿಯದ ಉಸಿರು, ಮಾತು ಹಾಡಾಗುವ ಮತ್ತು ಹಾಡು ಮಾತಾಗುವ ಆ ಗಳಿಗೆಯ ಹಿಡಿತ. ಟಿ.ವಿ.ಗೆ ಆಗುವ ಕಂಠ ಎಂಬ ಒಂದೇ ತಕ್ಕಡಿಯಲ್ಲಿ ಎಲ್ಲವನ್ನೂ ತೂಗುವ ರೂಢಿ ನಿಮ್ಮ ನೋಟ್‌ಬುಕ್ಕಿನ ಸೂಕ್ಷ್ಮತೆಗೆ ಒಪ್ಪುವುದಿಲ್ಲ.

ಹೈಸ್ಕೂಲಿನ ದಿನಗಳಿಂದ ನೋಡಿದ್ದೀರೆಂದರೆ ನೀವು ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರ ‘ಎದೆ ತುಂಬಿ ಹಾಡುವೆನು’ ಕಾರ್ಯಕ್ರಮವನ್ನು ನೋಡಿಯೇ ಇರುತ್ತೀರಿ. ಅವರು ತಪ್ಪುಗಳನ್ನು ಮುಚ್ಚಿಡುತ್ತಿರಲಿಲ್ಲ. ಮಗು ಜಾರಿದ ಸಾಲನ್ನು ತಾವೇ ಹಾಡಿ ತೋರಿಸುತ್ತಿದ್ದರು, ಆ ಸ್ವರವನ್ನು ಸಂಗೀತ ನಿರ್ದೇಶಕರು ಅಲ್ಲಿ ಏಕೆ ಇಟ್ಟರೆಂದು ವಿವರಿಸುತ್ತಿದ್ದರು, ಒಂದು ಅಕ್ಷರದ ಉಚ್ಚಾರಣೆಗೂ ನಿಲ್ಲುತ್ತಿದ್ದರು. ಅವರ ಮಾತು ಆ ಸಾಲಿನ ಮೇಲೆ ಇರುತ್ತಿತ್ತು, ಮಗುವಿನ ಮೇಲೆ ಇರುತ್ತಿರಲಿಲ್ಲ. ಅವರು ಸ್ವತಃ 1960ರ ದಶಕದಲ್ಲಿ ಮದ್ರಾಸಿನ ಸ್ಪರ್ಧೆಯೊಂದರಲ್ಲಿ ಹಾಡಿ ಸಂಗೀತ ನಿರ್ದೇಶಕ ಎಸ್.ಪಿ. ಕೋದಂಡಪಾಣಿಯವರ ಕಿವಿಗೆ ಬಿದ್ದವರು, ಮುಂದೆ ತಮ್ಮ ರೆಕಾರ್ಡಿಂಗ್ ಸ್ಟುಡಿಯೋಗೆ ಅವರದೇ ಹೆಸರನ್ನು ಇಟ್ಟವರು. ಕೇಳುವ ಒಬ್ಬ ಹಿರಿಯರು ಸಿಕ್ಕರೆ ಏನಾಗುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ನಿಮ್ಮ ಸೋದರ ಸೊಸೆ ಆ ಹಿರಿಯರ ಜಾಗದಲ್ಲಿ ನಿಮ್ಮನ್ನು ನಿಲ್ಲಿಸಿಕೊಂಡಿದ್ದಳು. ಅತ್ತೆಗೆ ಹಾಡು ಗೊತ್ತು ಎಂಬ ನಂಬಿಕೆ ಇಲ್ಲದಿದ್ದರೆ ನಿಮ್ಮ ಒಂದು ಮಾತಿಗೆ ಅವಳು ಪಾಠವನ್ನೇ ಬಿಡುತ್ತಿರಲಿಲ್ಲ. ಯಜಮಾನರು ಹುಚ್ಚು ಎಂದದ್ದನ್ನು ನಾನು ಒಪ್ಪದಿರುವುದು ಇದೇ ಕಾರಣಕ್ಕೆ. ನೋಟ್‌ಬುಕ್ಕನ್ನು ಮುಚ್ಚಿಡಬೇಡಿ.

ಈಗ ಮಾಡಬೇಕಾದ ಕೆಲಸ. ಮೊದಲು ಅತ್ತಿಗೆಯವರಿಗೆ ಫೋನ್ ಮಾಡಿ. ಅಮ್ಮನ ಮೂಲಕವೂ ಬೇಡ, ಅಣ್ಣನ ಮೂಲಕವೂ ಬೇಡ. ಮಗಳ ನೋವನ್ನು ಎರಡು ತಿಂಗಳು ಮನೆಯಲ್ಲಿ ನೋಡಿದವರು ಅವರು. “ಎಲ್ಲರ ಮುಂದೆ ಹಾಗೆ ಹೇಳಬಾರದಿತ್ತು, ಅತ್ತಿಗೆ, ನನ್ನಿಂದ ತಪ್ಪಾಯಿತು” ಎಂದು ಹೇಳಿ, ಅಷ್ಟಕ್ಕೇ ನಿಲ್ಲಿಸಿ. ಆದರೂ ನಾನು ಹೇಳಿದ್ದರಲ್ಲಿ ಸತ್ಯವಿತ್ತು ಎಂದು ಮುಂದುವರಿಸಿದರೆ ಇಡೀ ಮಾತು ವ್ಯರ್ಥ. ಅವರು ಒಪ್ಪಿದ ಮೇಲೆ ಒಂದು ಭಾನುವಾರ ಬೆಳಿಗ್ಗೆ ರೈಲು ಹತ್ತಿ ಮೈಸೂರಿಗೆ ಹೋಗಿ. ಮಗುವಿನ ಬಳಿ, ನೀನು ಚೆನ್ನಾಗಿ ಹಾಡುತ್ತೀ ಎಂದು ತೇಲಿಸಿ ಹೇಳಬೇಡಿ. ನಿಜ ಹೇಳಿ ಎಂದು ಕೇಳಿದ ಹುಡುಗಿಗೆ ಆ ತೇಲಿಕೆ ಕ್ಷಣದಲ್ಲಿ ತಿಳಿಯುತ್ತದೆ. “ನೀನು ಕೇಳಿದ್ದು ಒಂದು, ನಾನು ಹೇಳಿದ್ದು ಇನ್ನೊಂದು. ಈಗ ಸರಿಯಾಗಿ ಕೇಳಿಸಿಕೊಳ್ಳುತ್ತೇನೆ, ನಿನಗೆ ಇಷ್ಟವಿದ್ದರೆ ಹಾಡು” ಎನ್ನಿ. ಟ್ರ್ಯಾಕು ಬೇಡ, ಅವಳಿಗೆ ಹಿತವಾದ ಶ್ರುತಿಯಲ್ಲಿ, ಅವಳೇ ಆರಿಸಿದ ಹಾಡು. ಅಂದೇ ಹಾಡದಿದ್ದರೆ ಒತ್ತಾಯ ಮಾಡಬೇಡಿ. ಹಾಡಿದರೆ, ಅಪರಿಚಿತ ಹುಡುಗನಿಗೆ ಬರೆದಂತೆ ಒಂದು ಪುಟ ಬರೆದು ಅವಳ ಕೈಗೆ ಕೊಡಿ: ಯಾವ ಸಾಲು ಹಿಡಿಸಿತು, ಎಲ್ಲಿ ಉಸಿರು ಸಾಲದಾಯಿತು, ಯಾವ ಸ್ವರ ಕೆಳಗುಳಿಯಿತು. ಶ್ರುತಿ ಜಾರಿದ್ದರೆ ಅದನ್ನೂ ಬರೆಯಿರಿ, ಆ ಸಾಲಿನ ಹೆಸರು ಹಿಡಿದು ಬರೆಯಿರಿ.

ಸೋತವರ ಕಥೆಗಳನ್ನು ಸಮಾಧಾನಕ್ಕಾಗಿ ಹೇಳಬೇಡಿ. ಅರಿಜಿತ್ ಸಿಂಗ್ 2005ರ ಸ್ಪರ್ಧೆಯಲ್ಲಿ ಗೆಲ್ಲಲಿಲ್ಲ, ಅಮೆರಿಕದ ಗಾಯಕಿ ಜೆನ್ನಿಫರ್ ಹಡ್ಸನ್ 2004ರ ‘ಅಮೆರಿಕನ್ ಐಡಲ್’ನಲ್ಲಿ ಏಳನೆಯವರಾಗಿ ಹೊರಬಿದ್ದು ಆಮೇಲೆ ಆಸ್ಕರ್ ಪಡೆದರು ಎಂಬ ಮಾತುಗಳು ಅಭಿಮಾನಿಗಳಾದ ನಮಗೆ ಪ್ರಿಯ. ಆದರೆ ಅವು ಕೂಡ ಮಗುವಿಗೆ ಹೆಸರು ಮಾಡಲೇಬೇಕೆಂಬ ಹೊರೆಯನ್ನು ಹೊರಿಸುತ್ತವೆ. ಹೇಳಲೇಬೇಕೆಂದರೆ ಮೈಸೂರಿನವರೇ ಆದ ವಿಜಯ ಪ್ರಕಾಶ್ ಅವರ ವಿಷಯವನ್ನು ಹೇಳಬಹುದು, ಅದೂ ಅವರ ಕೀರ್ತಿಗಾಗಿ ಅಲ್ಲ. ಸಂಗೀತಗಾರರ ಮನೆಯಲ್ಲಿ ಹುಟ್ಟಿ, 1999ರಲ್ಲಿ ಹಿಂದಿಯ ‘ಸರಿಗಮ’ದಲ್ಲಿ ಅಂತಿಮ ಸುತ್ತಿನವರೆಗೆ ಹೋದ ಅವರ ಧ್ವನಿ ಆಸ್ಕರ್ ಪಡೆದ ಹಾಡೊಂದರಲ್ಲಿ ಜಗತ್ತಿಗೆ ಕೇಳಿಸುವ ಹೊತ್ತಿಗೆ ಸುಮಾರು ಹತ್ತು ವರ್ಷ ಕಳೆದಿತ್ತು. ಆ ಹತ್ತು ವರ್ಷವೂ ಹಾಡುವುದನ್ನು ಬಿಡದಿದ್ದರೆಂಬುದಷ್ಟೇ ಅವಳಿಗೆ ಉಪಯೋಗದ ಸಂಗತಿ.

ಆಡಿಷನ್ನಿಗೆ ಹೋಗು ಎಂದು ಹೇಳುವ ಕೆಲಸವನ್ನು ದಯವಿಟ್ಟು ಒಪ್ಪಿಕೊಳ್ಳಬೇಡಿ. ಅಣ್ಣನವರಿಗೆ ಹಾಗೆಂದು ನೇರವಾಗಿ ಹೇಳಿಬಿಡಿ. ನಿಮ್ಮ ಮಾತಿನಿಂದ ನಿಂತವಳು ನಿಮ್ಮ ಮಾತಿನಿಂದಲೇ ಹೊರಟರೆ ಎರಡೂ ಸಲ ತೀರ್ಮಾನ ನಿಮ್ಮದೇ ಆಗುತ್ತದೆ. ಅವಳು ಮೊದಲು ಮರಳಬೇಕಾದದ್ದು ಪಾಠಕ್ಕೆ. ಆಡಿಷನ್ ಈ ವರ್ಷವಲ್ಲದಿದ್ದರೆ ಮುಂದಿನ ವರ್ಷವೂ ಬರುತ್ತದೆ, ಅಷ್ಟು ಹೊತ್ತಿಗೆ ಅವಳ ಕಂಠವೂ ನೆಲೆಗೆ ನಿಂತಿರಬಹುದು. ಅವಳಾಗಿಯೇ ಹೋಗುತ್ತೇನೆ ಎಂದರೆ ಜೊತೆಗೆ ಹೋಗಿ ಸಾಲಿನಲ್ಲಿ ನಿಲ್ಲಿ. ಬಿಸಿನೀರಿನ ಫ್ಲಾಸ್ಕ್ ಒಯ್ಯಿರಿ, ಹಾಡಿನ ಶ್ರುತಿಯನ್ನು ಅವಳ ಮೇಷ್ಟರು ಗೊತ್ತುಮಾಡಿದ್ದಾರೆಯೇ ಎಂದು ಹಿಂದಿನ ದಿನವೇ ವಿಚಾರಿಸಿಕೊಳ್ಳಿ, ಒಳಗೆ ಏನಾಯಿತು ಎಂದು ಅವಳಾಗಿ ಹೇಳುವವರೆಗೆ ಕೇಳಬೇಡಿ.