ಉಕ್ತಲೇಖನದ ದಿನದ ಹೊಟ್ಟೆನೋವು

ಪ್ರಶ್ನೆ: ಮಗಳಿಗೆ ಏಳು ವರ್ಷ, ಎರಡನೆಯ ತರಗತಿ. ಉಕ್ತಲೇಖನವಿರುವ ದಿನ ಬೆಳಗ್ಗೆ ಹೊಟ್ಟೆನೋವೆಂದು ಅಳುತ್ತಾಳೆ. ರಜೆ ಹಾಕಿಸಿದರೆ ಹತ್ತು ಗಂಟೆಯ ಹೊತ್ತಿಗೆ ನೋವೇ ಇರುವುದಿಲ್ಲ. ಮಕ್ಕಳ ವೈದ್ಯರು ಪರೀಕ್ಷಿಸಿ ತೊಂದರೆಯಿಲ್ಲ ಎಂದಿದ್ದಾರೆ. ಮನೆಯಲ್ಲಿ ಬರೆಯುವಾಗಲೂ ಅಕ್ಷರ ಓರೆಯಾದರೆ ರಬ್ಬರಿನಿಂದ ಉಜ್ಜಿ ಉಜ್ಜಿ ಹಾಳೆಯನ್ನೇ ತೂತು ಮಾಡುತ್ತಾಳೆ. ಮುದ್ದು ಹೆಚ್ಚಾದದ್ದರ ಫಲವಿದು ಎಂದು ನಮ್ಮ ಅತ್ತೆಯವರು ಹೇಳುತ್ತಾರೆ. ಯೋಚನೆ, ನಡವಳಿಕೆಗಳನ್ನು ತಿದ್ದುವ ಸಿಬಿಟಿ (ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ) ಎಂಬ ಮನೋಚಿಕಿತ್ಸೆಯ ಬಗ್ಗೆ ಓದಿದೆ. ಇಷ್ಟು ಸಣ್ಣ ಮಗುವಿಗೆ ಅದು ಅರ್ಥವಾದೀತೇ?
– ಓರ್ವ ತಾಯಿ, ಉಡುಪಿ

ಉತ್ತರ: ಮೊದಲಿಗೆ, ಮಗಳು ಸುಳ್ಳು ಹೇಳುತ್ತಿಲ್ಲ. ಆತಂಕದಿಂದ ಬರುವ ಹೊಟ್ಟೆನೋವೂ ನಿಜವಾದ ನೋವೇ. ಆದರೆ ರಜೆ ಸಿಕ್ಕಿದ ಕೂಡಲೇ ಸಿಗುವ ನೆಮ್ಮದಿ, ಉಕ್ತಲೇಖನ ನಿಜವಾಗಿಯೂ ಅಪಾಯದ್ದೇ ಎಂಬ ನಂಬಿಕೆಯನ್ನು ಗಟ್ಟಿಮಾಡುತ್ತದೆ. ರಜೆಯ ಮಟ್ಟಿಗೆ ನಿಮ್ಮ ಅತ್ತೆಯವರ ಮಾತಿನಲ್ಲಿ ಅರ್ಧ ಸತ್ಯವಿದೆ. ಆದರೆ ಭಯ ಹುಟ್ಟಿದ್ದು ಮುದ್ದಿನಿಂದ ಎನ್ನಲಾಗದು, ಕೆಲವು ಮಕ್ಕಳ ಸ್ವಭಾವವೇ ಹಾಗೆ.

ಸಿಬಿಟಿಯನ್ನು 1960ರ ದಶಕದಲ್ಲಿ ಅಮೆರಿಕದ ಮನೋವೈದ್ಯ ಆರನ್ ಬೆಕ್ ರೂಪಿಸಿದ್ದು ಖಿನ್ನತೆಯಿಂದ ಬಳಲುವ ವಯಸ್ಕರಿಗಾಗಿ. ಆಮೇಲೆ ಮನಶ್ಶಾಸ್ತ್ರಜ್ಞ ಫಿಲಿಪ್ ಕೆಂಡಲ್ ಮೊದಲಾದವರು ಅದನ್ನು ಆತಂಕವಿರುವ ಏಳೆಂಟು ವರ್ಷದ ಮಕ್ಕಳಿಗೂ ಹೊಂದುವಂತೆ ಮಾಡಿದರು. ಈ ವಯಸ್ಸಿನಲ್ಲಿ ವಾದಕ್ಕಿಂತ ಚಿತ್ರ, ಆಟ ಮತ್ತು ಮಾಡಿ ನೋಡುವುದು ಹೆಚ್ಚು ಫಲ ಕೊಡುತ್ತವೆ. 'ಏನೂ ಆಗುವುದಿಲ್ಲ, ಧೈರ್ಯವಾಗಿರು' ಎಂಬ ಮಾತು ನನಗಂತೂ ಅಷ್ಟು ಪ್ರಯೋಜನಕಾರಿಯಾಗಿ ಕಂಡಿಲ್ಲ. ಮಗು ಅದನ್ನೇ ಮತ್ತೆ ಮತ್ತೆ ಕೇಳಿಸಿಕೊಳ್ಳಲು ಬರುತ್ತದೆ, ಅಷ್ಟೆ.

ಅದರ ಬದಲು ಒಂದು ಮುಖ ಬರೆದು, ತಲೆಯ ಮೇಲೆ ಯೋಚನೆಯ ಗುಳ್ಳೆ ಹಾಕಿ, 'ಟೀಚರ್ ಪದ ಹೇಳುವಾಗ ಇದರೊಳಗೆ ಏನು ಬರುತ್ತದೆ?' ಎಂದು ಕೇಳಿ. 'ತಪ್ಪಾದರೆ ಎಲ್ಲರೂ ನಗುತ್ತಾರೆ' ಎಂದಾಳು. ಅದು ಸುಳ್ಳೆಂದು ಸಾಧಿಸಲು ಹೋಗಬೇಡಿ, ಇಬ್ಬರೂ ಸೇರಿ ಪರೀಕ್ಷಿಸಿ: ಕಳೆದ ಸಲ ಯಾರಿಗೆ ತಪ್ಪಾಯಿತು? ಯಾರು ನಕ್ಕರು? ಊಟದ ಹೊತ್ತಿಗೆ ಆ ಮಗು ಏನು ಮಾಡುತ್ತಿತ್ತು? ಯಕ್ಷಗಾನದ ರಂಗಸ್ಥಳದಲ್ಲಿ ಅಬ್ಬರಿಸುವ ಬಣ್ಣದ ವೇಷಕ್ಕೆ ಹೆದರಿದ ಮಗುವನ್ನು ಚೌಕಿಗೆ (ವೇಷ ಕಟ್ಟುವ ಜಾಗಕ್ಕೆ) ಕರೆದೊಯ್ದು, ಮುಖಕ್ಕೆ ಬಣ್ಣ ಹಚ್ಚುವುದನ್ನು ತೋರಿಸುವ ಕ್ರಮ ನಮ್ಮ ಕಡೆ ಇದೆಯಲ್ಲ, ಇದೂ ಹಾಗೆಯೇ.

ಆದರೆ ಮುಖ್ಯ ಕೆಲಸ ಇನ್ನು ಮೇಲಿನದು. ಮೊದಲು ಮಗಳೇ ಟೀಚರ್ ಆಗಿ ಪದ ಹೇಳಲಿ, ನೀವು ಬರೆಯಿರಿ. 'ಅಕ್ಕ' ಎಂಬಲ್ಲಿ ಬೇಕೆಂದೇ ಒತ್ತಕ್ಷರ ಬಿಟ್ಟು, ತಿದ್ದದೆ ಮುಂದಿನ ಪದಕ್ಕೆ ಹೋಗಿ. ಅದು ರೂಢಿಯಾದ ಮೇಲೆ ಅವಳು ರಬ್ಬರಿಲ್ಲದೆ ಮೂರು ಪದ ಬರೆಯಲಿ, ಬಳಿಕ ಅಜ್ಜಿ ಹೇಳಿದ ಐದು ಪದ, ಕೊನೆಗೆ ತರಗತಿಯಲ್ಲಿ. ಪ್ರತಿ ಮೆಟ್ಟಿಲಿಗೂ ಮುಂಚೆ 'ಏನಾಗಬಹುದು?' ಎಂದು ಕೇಳಿ ಅವಳ ಉತ್ತರವನ್ನು ಬರೆದಿಡಿ, ಆದ ಮೇಲೆ ನಿಜವಾಗಿ ಆದದ್ದನ್ನು ಪಕ್ಕದಲ್ಲೇ ಬರೆಯಿರಿ. ಬೇಸರ ಬರುವವರೆಗೆ ಒಂದೇ ಮೆಟ್ಟಿಲಿನಲ್ಲಿ ನಿಂತರೂ ಚಿಂತೆಯಿಲ್ಲ. ಹೊಗಳುವುದಿದ್ದರೆ ಅಂಕಕ್ಕಲ್ಲ, ತಪ್ಪನ್ನು ಹಾಗೆಯೇ ಬಿಟ್ಟು ಮುಂದೆ ಹೋದದ್ದಕ್ಕೆ. ಉಸಿರನ್ನು ನಿಧಾನವಾಗಿ ಬಿಡುವ ಅಭ್ಯಾಸ ಜೊತೆಗಿರಲಿ. ಅದೊಂದರಿಂದಲೇ ಭಯ ಹೋಗದು.

ಅಂಕಗಳನ್ನು ಎಲ್ಲರೆದುರು ಗಟ್ಟಿಯಾಗಿ ಓದುವ ಪದ್ಧತಿಯಿದ್ದರೆ ಕೆಲವು ವಾರ ನಿಲ್ಲಿಸುವಂತೆ ಶಿಕ್ಷಕಿಯನ್ನು ವಿನಂತಿಸಿ; ಅಕ್ಷರಗಳನ್ನು ಗುರುತಿಸುವುದೇ ಅವಳಿಗೆ ಕಷ್ಟವೇ ಎಂಬುದನ್ನೂ ಕೇಳಿ. ಕಲಿಕೆಯ ನ್ಯೂನತೆಯಿದ್ದರೆ ದಾರಿ ಬೇರೆ. ಹೊಟ್ಟೆನೋವಿನ ಬೆಳಗ್ಗೆಯೂ ಜ್ವರ, ವಾಂತಿ ಇಲ್ಲದಿದ್ದರೆ ಶಾಲೆಗೆ ಕಳುಹಿಸಿ, ತಡವಾದರೂ ಸರಿ. ಕೆಲವು ವಾರಗಳಲ್ಲಿ ಬದಲಾವಣೆ ಕಾಣದಿದ್ದರೆ, ನಿದ್ದೆ ಊಟ ಕೆಟ್ಟರೆ, ಶಾಲೆಯೇ ಬೇಡವೆಂದರೆ, ಮಕ್ಕಳ ಮನಶ್ಶಾಸ್ತ್ರಜ್ಞರನ್ನು ಕಾಣಬೇಕು. ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಹಗಲು ರಾತ್ರಿ ಕನ್ನಡದಲ್ಲೇ ಉಚಿತವಾಗಿ ಮಾತನಾಡಬಹುದು.