ಉಪಗ್ರಹ ಚಿತ್ರದಲ್ಲಿ ಕಂಡ ಹಡಗು ಯಾವ ಬಗೆಯದೆಂದು ಆಕಾರದಿಂದಲೇ ಹೇಳಬಹುದೇ?

ತಕ್ಕಮಟ್ಟಿಗೆ ಹೇಳಬಹುದು, ಹಡಗು ದೊಡ್ಡದಿದ್ದರೆ.

ರೇಡಾರ್ ಚಿತ್ರದಲ್ಲಿ ಶಾಂತ ಸಮುದ್ರ ಕಪ್ಪಗೆ, ಲೋಹದ ಹಡಗು ಬೆಳ್ಳಗೆ ಕಾಣುತ್ತದೆ. ಆ ಬಿಳಿ ಮಚ್ಚೆಯನ್ನು ನೀರಿನಿಂದ ಬೇರ್ಪಡಿಸಿ ಉದ್ದ, ಅಗಲ ಅಳೆಯುತ್ತಾರೆ. 2021ರಲ್ಲಿ ಸೂಯೆಜ್ ಕಾಲುವೆಗೆ ಅಡ್ಡಲಾಗಿ ಸಿಕ್ಕಿಕೊಂಡ ಎವರ್ ಗಿವನ್ ನೆನಪಿದೆಯಲ್ಲ? ಉದ್ದ ಸುಮಾರು 400 ಮೀಟರ್, ಅಗಲ 59. ಅಂದರೆ ಉದ್ದ ಅಗಲದ ಹತ್ತಿರಹತ್ತಿರ ಏಳು ಪಟ್ಟು. ಬಂದರಿನ ಟಗ್ ಬೋಟು ಇದರ ಮುಂದೆ ಮೊಂಡು, ಮೂರು ಪಟ್ಟಿನ ಆಸುಪಾಸು. ಆದರೆ ಯುರೋಪಿನ ರೇಡಾರ್ ಉಪಗ್ರಹ ಸೆಂಟಿನೆಲ್-1ರ 10 ಮೀಟರ್ ಪಿಕ್ಸೆಲ್‌ನಲ್ಲಿ ಎವರ್ ಗಿವನ್‌ಗೆ 40 ಪಿಕ್ಸೆಲ್ ಉದ್ದ ಸಿಕ್ಕರೆ, ಮಲ್ಪೆಯ ಟ್ರಾಲ್ ಬೋಟಿಗೆ ಎರಡೋ ಮೂರೋ. ಅಷ್ಟರಲ್ಲಿ ಎಲ್ಲಿಯ ಆಕಾರ!

ಹಡಗು ಯಾವ ದಿಕ್ಕಿಗೆ ಮುಖ ಮಾಡಿದ್ದರೂ ಬದಲಾಗದ ಅಳತೆಯೂ ಬೇಕು. 1962ರಲ್ಲಿ ಸಂಶೋಧಕ ಮಿಂಗ್-ಕುಯೆ ಹೂ ಕೊಟ್ಟ ಏಳು ಮೊಮೆಂಟ್‌ಗಳು, ಅಂದರೆ ಆಕಾರದ ಪಿಕ್ಸೆಲ್‌ಗಳು ಹೇಗೆ ಹರಡಿವೆ ಎಂಬುದರಿಂದ ಲೆಕ್ಕಹಾಕುವ ಸಂಖ್ಯೆಗಳು, ಇದಕ್ಕೆ ಒದಗುತ್ತವೆ. ಪಕ್ಕದಿಂದ ತೆಗೆದ ಕ್ಯಾಮೆರಾ ಚಿತ್ರವಾದರೆ ಕೆಲಸ ಇನ್ನೂ ಸಲೀಸು: ಟ್ಯಾಂಕರಿನ ಡೆಕ್ ಚಪ್ಪಟೆ, ಮನೆಯಂಥ ಭಾಗ ಹಿಂಬದಿಗೆ, ಕ್ರೂಸ್ ಹಡಗು ಉದ್ದಕ್ಕೂ ಮಹಡಿ ಮಹಡಿ.

ಹೆಚ್ಚಿನ ದೊಡ್ಡ ಹಡಗುಗಳು ಎಐಎಸ್ ಎಂಬ ಸ್ವಯಂಚಾಲಿತ ರೇಡಿಯೊ ಸಂಕೇತದಲ್ಲಿ ತಮ್ಮ ಗುರುತನ್ನು ತಾವೇ ಸಾರುತ್ತವೆ. ಅದನ್ನು ಆಫ್ ಮಾಡಿಕೊಂಡು ಓಡಾಡುವವರ ವಿಷಯದಲ್ಲೇ ಈ ಅಳತೆಗಳಿಗೆ ನಿಜವಾದ ಬೆಲೆ.