ಸಿಲಿಂಡರ್ ಒಲೆನ ಪೈಪ್‌ಲೈನ್ ಗ್ಯಾಸ್‌ಗೆ ಬದಲಾಯಿಸ್ಬಹುದಾ? ಒಲೆ ಆಗತ್ತೆ, ಗೀಸರ್ ಬೇಡ

ನೀವು ಕೇಳಿರೋದು ಇಷ್ಟು ಅಲ್ವಾ, ಎಚ್‌ಎಸ್‌ಆರ್ ಲೇಔಟ್‌ನಲ್ಲಿ ಬಾಡಿಗೆ ಫ್ಲಾಟು, ಈಗ ಪೈಪ್‌ಲೈನ್ ಗ್ಯಾಸ್ ಕನೆಕ್ಷನ್ ಸಿಕ್ಕಿದೆ, ಇರೋ ಸಿಲಿಂಡರ್ ಒಲೆನೇ ಅದಕ್ಕೆ ಹಾಕ್ಬಹುದಾ, ಪಕ್ಕದ ರಸ್ತೆ ರಿಪೇರಿಯವ್ರು ಜೆಟ್ಟಿನ (ಬರ್ನರ್‌ಗೆ ಗ್ಯಾಸ್ ಬಿಡೋ ಪುಟ್ಟ ಹಿತ್ತಾಳೆ ತುಂಡು) ತೂತನ್ನ ಡ್ರಿಲ್ ಮಾಡಿ ದೊಡ್ಡದು ಮಾಡಿಕೊಡ್ತೀನಿ ಅಂತಿದಾರೆ, ಬಾತ್‌ರೂಮಿನ ಗ್ಯಾಸ್ ಗೀಸರ್‌ಗೂ ಹಾಗೇ ಮಾಡಿಸ್ಬಹುದಾ ಅಂತ.

ಮೊದ್ಲು ಉತ್ತರ ಹೇಳ್ಬಿಡ್ತೀನಿ. ಒಲೆ ಬದಲಾಯಿಸ್ಬಹುದು, ಆದ್ರೆ ಪೂರ್ತಿ ಜೆಟ್ಟೇ ತೆಗೆದು ಬೇರೆ ಹಾಕಿಸಿ, ತೂತು ಕೊರೆಸ್ಬೇಡಿ. ಗೀಸರ್ ಮಾತ್ರ ಯಾರ ಕೈಗೂ ಕೊಡ್ಬೇಡಿ. ಯಾಕೆ ಅಂತ ಸ್ವಲ್ಪ ಉದ್ದ ಆದ್ರೂ ಹೇಳ್ತೀನಿ, ನಮ್ಮ ಮನೇಲಿ ಇದರಿಂದ ಒಂದು ತಿಂಗಳು ಎಲ್ರೂ ಒದ್ದಾಡಿದೀವಿ.

ಸಿಲಿಂಡರಲ್ಲಿ ಇರೋದು ಪ್ರೊಪೇನು ಬ್ಯುಟೇನು, ಪೈಪಲ್ಲಿ ಬರೋದು ಹೆಚ್ಚಿನಂಶ ಮೀಥೇನು. ಒಂದೇ ಅಳತೆ ಗ್ಯಾಸ್ ತಗೊಂಡ್ರೆ ಸಿಲಿಂಡರ್ ಗ್ಯಾಸಲ್ಲಿ ಸುಮಾರು ಎರಡೂವರೆ ಪಟ್ಟು ಜಾಸ್ತಿ ಶಾಖ ಇರತ್ತೆ. ಪ್ರೆಷರೂ ಬೇರೆ, ಸಿಲಿಂಡರ್ ರೆಗ್ಯುಲೇಟರ್‌ದು ಸುಮಾರು 30 ಮಿಲಿಬಾರ್, ಮನೆಗೆ ಬರೋ ಪೈಪ್ ಗ್ಯಾಸ್‌ದು 21ರ ಆಸುಪಾಸು. ಅದಕ್ಕೇ ಬರ್ನರ್ ಕೆಳಗೆ ಕೊಳವೆ ಬಾಯಲ್ಲಿ ಇರೋ ಆ ಪುಟ್ಟ ಹಿತ್ತಾಳೆ ಜೆಟ್ಟಿನ ತೂತು ಸಿಲಿಂಡರ್‌ಗೆ ಸಣ್ಣದು, ಪೈಪ್‌ಗೆ ದೊಡ್ಡದು. ಸಿಲಿಂಡರ್ ಜೆಟ್ಟಲ್ಲೇ ಪೈಪ್ ಗ್ಯಾಸ್ ಹಚ್ಚಿದ್ರೆ ಬೆಂಕಿ ಸಣ್ಣದಾಗಿ ಉರಿಯತ್ತೆ, ಕುಕ್ಕರ್ ಕೂಗೋಕೆ ಗಂಟೆ ಹೊತ್ತು, ಕಿಟಕಿ ಗಾಳಿಗೆ ಆರಿಹೋಗಿ ಗ್ಯಾಸ್ ಸುಮ್ನೆ ಬರ್ತಾ ಇರೋ ಅಪಾಯನೂ ಇದೆ. ಆದ್ರೆ ಬೆಂಕಿ ಸಣ್ಣದು ಅಂದ ತಕ್ಷಣ ಯಾರಿಗಾದ್ರೂ ಗೊತ್ತಾಗತ್ತೆ, ಕರೆದು ಸರಿ ಮಾಡಿಸ್ತಾರೆ. ಉಲ್ಟಾ ಆದಾಗ್ಲೇ ಕಷ್ಟ. ಪೈಪ್ ಗ್ಯಾಸ್ ಜೆಟ್ ಇರೋ ಒಲೆಗೆ ಸಿಲಿಂಡರ್ ಕೊಟ್ರೆ ಹೆಚ್ಚು ಕಡಿಮೆ ಎರಡರಷ್ಟು ಬೆಂಕಿ ಬರತ್ತೆ, ಅಷ್ಟು ಉರಿಯೋಕೆ ಬೇಕಾದ ಗಾಳಿ ಬರ್ನರ್‌ಗೆ ಸಿಗಲ್ಲ (ಒಂದು ಪಾಲು ಮೀಥೇನ್‌ಗೆ ಸುಮಾರು 10 ಪಾಲು ಗಾಳಿ ಸಾಕು, ಸಿಲಿಂಡರ್ ಗ್ಯಾಸ್‌ಗೆ 25ರ ಮೇಲೆ ಬೇಕು), ಗಾಳಿ ಸಾಲದೆ ಅರ್ಧಂಬರ್ಧ ಉರಿದಾಗ ಬರೋದೇ ಕಾರ್ಬನ್ ಮೊನಾಕ್ಸೈಡ್.

ಈಗ ನಮ್ಮ ಕಥೆ. ನಾವು ಬೆಳ್ಳಂದೂರು ಕಡೆ ಫ್ಲಾಟಲ್ಲಿ ಮೂರು ವರ್ಷ ಇದ್ವಿ, ಅಲ್ಲಿ ಪೈಪ್ ಗ್ಯಾಸ್ ಇತ್ತು, ಸೇರ್ಕೊಂಡಾಗ ಕನೆಕ್ಷನ್ ಕೊಡೋಕೆ ಬಂದವ್ರೇ ನಮ್ಮ ಒಲೆ ಜೆಟ್ ಬದಲಾಯಿಸಿ ಹಳೇದನ್ನ ತಗೊಂಡ್ಹೋದ್ರು, ನಾನೂ ಕೇಳ್ಲಿಲ್ಲ. ಆಮೇಲೆ ಹನುಮಂತನಗರದ ನಮ್ಮ ಅತ್ತೆ ಮನೆಗೆ ಬಂದ್ವಿ, ಇಲ್ಲಿ ಸಿಲಿಂಡರ್. ಸಾಮಾನು ಇಳಿಸಿದ ದಿನ ಯಾರೋ ಒಬ್ರು ರಬ್ಬರ್ ಪೈಪ್ ಸಿಕ್ಕಿಸಿ ರೆಗ್ಯುಲೇಟರ್ ಹಾಕಿ ಹಚ್ಚಿ ತೋರ್ಸಿ ಹೋದ್ರು. ಧಗಧಗ ಅಂತ ಹತ್ತಿಕೊಳ್ತು, ಹಾಲು ಐದು ನಿಮಿಷಕ್ಕೆ ಉಕ್ಕತ್ತೆ, ನಂಗೆ ಖುಷಿ. ಅತ್ತೆ ಮಾತ್ರ ಎರಡನೇ ದಿನಾನೇ ಹೇಳಿದ್ರು, ಈ ಬೆಂಕಿ ಬಣ್ಣ ಸರಿ ಇಲ್ಲ ಕಣಮ್ಮ, ಹಳದಿ ಬರ್ತಿದೆ, ಪಾತ್ರೆ ತಳ ಎಲ್ಲ ಸೌದೆ ಒಲೆ ಥರ ಮಸಿ ಅಂತ. ಬರ್ನರ್ ಕಟ್ಟಿದೆ ಅಂದ್ಕೊಂಡು ಪಿನ್ ಹಾಕಿ ಕ್ಲೀನ್ ಮಾಡಿದೆ, ಏನೂ ಬದಲಾಗ್ಲಿಲ್ಲ.

ಅದು ಡಿಸೆಂಬರು, ಚಳಿ ಒಂದು ಕಡೆ ಸೊಳ್ಳೆ ಒಂದು ಕಡೆ, ಸಂಜೆ ಆರಕ್ಕೇ ಕಿಟಕಿ ಎಲ್ಲ ಹಾಕ್ಬಿಡ್ತಿದ್ವಿ. ರಾತ್ರಿ ಚಪಾತಿ ಮುಗಿಯೋ ಹೊತ್ತಿಗೆ ನಂಗೆ ತಲೆ ಸಿಡಿತಿತ್ತು, ಮಗ ಅಡುಗೆಮನೆ ಬಾಗಿಲಲ್ಲಿ ಕೂತು ಹೋಮ್‌ವರ್ಕ್ ಮಾಡೋನು, ಅವನಿಗೆ ವಾಕರಿಕೆ, ಊಟ ಬೇಡ ಅನ್ನೋನು. ನಾವು ಪಿತ್ತ ಅಂದ್ಕೊಂಡು ಜೀರಿಗೆ ಕಷಾಯ ಕೊಡ್ತಾ ಕೂತಿದ್ವಿ. ಭಾನುವಾರ ತಮ್ಮನ ಮನೆಗೆ ಹೋದ್ರೆ ಇಬ್ರೂ ಆರಾಮು, ವಾಪಸ್ ಬಂದು ಅಡುಗೆ ಶುರು ಮಾಡಿದ್ರೆ ಮತ್ತೆ ಅದೇ. ದಯವಿಟ್ಟು ಇದೊಂದು ನೆನಪಿಟ್ಕೊಳ್ಳಿ, ಮನೇಲಿ ಇಬ್ರು ಮೂವರಿಗೆ ಒಟ್ಟಿಗೆ ತಲೆನೋವು ವಾಕರಿಕೆ ಬಂದು ಹೊರಗೆ ಹೋದಾಗ ಕಮ್ಮಿ ಆದ್ರೆ ಅದು ಪಿತ್ತ ಅಲ್ಲ, ಒಲೆ ಆರಿಸಿ ಕಿಟಕಿ ತೆಗೆದು ಎಲ್ರನ್ನೂ ಆಚೆ ಕರ್ಕೊಂಡು ಹೋಗಿ, ಆಮೇಲೆ ಡಾಕ್ಟರ ಹತ್ರ ಗ್ಯಾಸ್ ವಿಷಯ ಬಾಯಿಬಿಟ್ಟು ಹೇಳಿ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ ಬಣ್ಣ ಇಲ್ಲ, ಗ್ಯಾಸ್‌ಗೆ ಬೆರೆಸಿರೋ ಆ ಕೊಳೆತ ವಾಸನೆ ಉರಿಯದೇ ಇರೋ ಗ್ಯಾಸ್ ಲೀಕಾದಾಗ ಬರೋದು ಅಷ್ಟೇ. ರಕ್ತದ ಹಿಮೋಗ್ಲೋಬಿನ್‌ಗೆ ಇದು ಆಕ್ಸಿಜನ್‌ಗಿಂತ 200 ಪಟ್ಟಿಗೂ ಜಾಸ್ತಿ ಗಟ್ಟಿಯಾಗಿ ಅಂಟ್ಕೊಳ್ಳತ್ತೆ.

ಕೊನೆಗೆ ಗಾಂಧಿಬಜಾರ್ ಹತ್ರ ಒಲೆ ರಿಪೇರಿ ಮಾಡೋ ಒಬ್ಬ ಹಿರಿಯರನ್ನ ಕರ್ಸಿದ್ವಿ. ಅವ್ರು ಒಲೆ ಮಗುಚಿ ಜೆಟ್ ಬಿಚ್ಚಿ, ಚೀಲದಿಂದ ಸಿಲಿಂಡರ್‌ದು ಒಂದು ತೆಗೆದು, ಎರಡನ್ನೂ ಬೆಳಕಿಗೆ ಹಿಡಿದು ತೋರ್ಸಿದ್ರು. ಒಂದೇ ಸೂಜಿ, ಇದ್ರಲ್ಲಿ ದಾಟತ್ತೆ ಅದ್ರಲ್ಲಿ ದಾಟಲ್ಲ ನೋಡಮ್ಮ ಅಂದ್ರು. ಹತ್ತು ನಿಮಿಷದ ಕೆಲ್ಸ. ಅವತ್ತು ರಾತ್ರಿ ನೀಲಿ ಬೆಂಕಿ, ಮಗ ಮೂರು ಚಪಾತಿ ತಿಂದ.

ಇದಕ್ಕೇ ಡ್ರಿಲ್ ಬೇಡ ಅಂತಿರೋದು. ಕೈ ಡ್ರಿಲ್ಲಲ್ಲಿ ಕೊರೆದ ತೂತು ಒಂದೊಂದು ಬರ್ನರ್‌ಗೆ ಒಂದೊಂದು ಥರ ಆಗತ್ತೆ, ಅಂಚು ತರಿತರಿಯಾಗಿ ಗ್ಯಾಸ್ ನೆಟ್ಟಗೆ ಹೋಗಲ್ಲ, ಇದು ಒಂದು. ಅದಕ್ಕಿಂತ ದೊಡ್ಡದು, ಕೊರೆದಿದ್ದನ್ನ ವಾಪಸ್ ಸಣ್ಣದು ಮಾಡೋಕಾಗಲ್ಲ, ಜೆಟ್ ಮೇಲಿನ ಹಳೇ ನಂಬರ್ರು ಒಲೆ ಮೇಲಿನ ಎಲ್‌ಪಿಜಿ ಅನ್ನೋ ಸ್ಟಿಕ್ಕರ್ರು ಎರಡೂ ಹಾಗೇ ಇರತ್ತೆ, ಅಂದ್ರೆ ಒಲೆನೇ ಸುಳ್ಳು ಹೇಳತ್ತೆ. ನಿಮ್ಮದು ಹನ್ನೊಂದು ತಿಂಗಳ ಅಗ್ರಿಮೆಂಟು. ಮಹಾರಾಷ್ಟ್ರದ ದಾಭೋಳದಿಂದ ಬೆಂಗಳೂರಿಗೆ ದೊಡ್ಡ ಗ್ಯಾಸ್ ಪೈಪು ಬಂದಿದ್ದು 2013ರಲ್ಲಿ, ಆಮೇಲೆ ಗೇಲ್ ಗ್ಯಾಸ್ ಕಂಪನಿಯವ್ರು ಏರಿಯಾ ಏರಿಯಾ ಆಗಿ ಮನೆಗಳಿಗೆ ಕೊಡ್ತಾ ಬಂದಿದಾರೆ, ಆದ್ರೆ ಈ ಊರಲ್ಲಿ ಒಂದು ರಸ್ತೇಲಿ ಪೈಪು ಇನ್ನೊಂದು ರಸ್ತೇಲಿ ಸಿಲಿಂಡರು. ನಾಳೆ ನೀವು ಮನೆ ಬದಲಾಯಿಸಿ ಸಿಲಿಂಡರ್ ಮನೆಗೆ ಹೋಗ್ತೀರ, ಇಲ್ಲಾ ಒಲೆನ ಯಾರಿಗೋ ಸೆಕೆಂಡ್ ಹ್ಯಾಂಡ್ ಮಾರ್ತೀರ, ಇಲ್ಲಾ ಮನೆಕೆಲಸದವ್ರಿಗೆ ಕೊಡ್ತೀರ, ಅವ್ರ ಮನೇಲಿ ಒಂದೇ ಕಿಟಕಿ ಇರತ್ತೆ. ಪೈಪ್‌ಗೆ ಹೋಗುವಾಗ ಜೆಟ್ ಹಾಕೋಕೆ ಜನ ಬರ್ತಾರೆ, ಪೈಪಿಂದ ವಾಪಸ್ ಬರುವಾಗ ಯಾರೂ ಬರಲ್ಲ, ಅದನ್ನ ನಾವೇ ನೆನಪಿಟ್ಟು ಮಾಡಿಸ್ಬೇಕು.

ನನ್ನ ಚಿಕ್ಕಪ್ಪನ ಮಗ ಕೆನಡಾದಲ್ಲಿದಾನೆ, ಅಲ್ಲಿ ಹಾಲಲ್ಲಿ ಗ್ಯಾಸ್ ಅಗ್ಗಿಷ್ಟಿಕೆ ಇರತ್ತೆ, ಅವ್ನು ಊರಾಚೆ ಮನೆ ತಗೊಂಡಾಗ ಅದನ್ನ ಪ್ರೊಪೇನ್‌ಗೆ ಬದಲಾಯಿಸ್ಬೇಕಾಯ್ತು. ಆ ಮಾಡೆಲ್‌ಗೇ ಅಂತ ತಯಾರಕರು ಕೊಡೋ ಕಿಟ್ಟು, ಜೆಟ್ಟು, ಬೆಂಕಿ ಹತ್ತಿಸೋ ಸಣ್ಣ ಪೈಲಟ್ ಜ್ವಾಲೆಯ ಜೆಟ್ಟು, ಪ್ರೆಷರ್ ಸ್ಪ್ರಿಂಗು, ಜೊತೆಗೆ ಇದನ್ನ ಪ್ರೊಪೇನ್‌ಗೆ ಬದಲಾಯಿಸಲಾಗಿದೆ ಅಂತ ಒಂದು ಲೇಬಲ್ಲು, ಅದನ್ನ ಅಂಟಿಸ್ಲೇಬೇಕು. ನಮ್ಮ ಒಲೆಗೂ ನೀವೇ ಒಂದು ಲೇಬಲ್ ಬರೆದು ಅಂಟಿಸಿ, ದೊಡ್ಡ ಅಕ್ಷರದಲ್ಲಿ, ಜೆಟ್ ಬದಲಾಯಿಸಿದ ತಾರೀಖು ಸಮೇತ.

ಗೀಸರ್ ವಿಷಯ. ಒಲೆಯ ಒಂದು ಬರ್ನರ್ ಸುಮಾರು 2 ಕಿಲೋವ್ಯಾಟ್ ಶಾಖ ಕೊಟ್ರೆ ನಿಮಿಷಕ್ಕೆ 6 ಲೀಟರ್ ಕಾಯಿಸೋ ಗೀಸರ್ 10 ಕಿಲೋವ್ಯಾಟಿನ ಮೇಲೆ, ಐದು ಬರ್ನರ್ ಒಟ್ಟಿಗೆ ಹಚ್ಚಿ ಬಾತ್‌ರೂಮ್ ಬಾಗಿಲು ಹಾಕ್ಕೊಂಡ ಹಾಗೆ. ಒಳಗೆ ಸಾಲಾಗಿ ಹತ್ತಾರು ಸಣ್ಣ ಜೆಟ್ಟು, ನೀರಿನ ವಾಲ್ವು, ಗ್ಯಾಸ್ ವಾಲ್ವು, ಎಲ್ಲಾ ಒಂದಕ್ಕೊಂದು ಲೆಕ್ಕ ಹಾಕಿ ಮಾಡಿರೋದು, ಜೆಟ್ ಒಂದನ್ನ ಬದಲಾಯಿಸಿದ್ರೆ ಉಳಿದಿದ್ದು ಹೊಂದಲ್ಲ, ಸರಿಯಾಗಿ ಉರಿತಿದೆಯಾ ಅಂತ ಅಳೆಯೋ ಮೀಟರ್ ಯಾವ ರಿಪೇರಿಯವ್ರ ಹತ್ರಾನೂ ನಾನು ನೋಡಿಲ್ಲ. ಒಲೆ ಮುಂದೆ ನಾವು ನಿಂತಿರ್ತೀವಿ, ಹಳದಿ ಬೆಂಕಿ ಕಾಣತ್ತೆ, ಗೀಸರ್ ಬೆಂಕಿ ಡಬ್ಬಿ ಒಳಗೆ. ಸ್ನಾನಕ್ಕೆ ಹೋದವ್ರು ಎಚ್ಚರ ತಪ್ಪಿ ಬಿದ್ದು ಹೋಗಿಬಿಟ್ರು ಅನ್ನೋ ಸುದ್ದಿ ಬೆಂಗಳೂರಲ್ಲೇ ಎಷ್ಟು ಸಲ ಓದಿದೀವಿ, ಅದೂ ಬದಲಾಯಿಸದೇ ಇರೋ ಸರಿ ಗೀಸರ್‌ಗಳಲ್ಲೇ, ಗಾಳಿ ಇಲ್ಲದ ಬಾತ್‌ರೂಮು ಅಂತ. ತಯಾರಕರೇ ಈ ಮಾಡೆಲ್‌ಗೆ ಕಿಟ್ ಇದೆ, ನಾವೇ ಹಾಕ್ತೀವಿ ಅಂತ ಬರೆದು ಕೊಡದ ಹೊರತು ಮುಟ್ಟಿಸ್ಬೇಡಿ. ಪಿಎನ್‌ಜಿ, ಅಂದ್ರೆ ಪೈಪ್ ಗ್ಯಾಸ್‌ಗೇ ಅಂತ ಮಾಡಿರೋದು ತಗೊಂಡು ಹೊರಗೆ ಯುಟಿಲಿಟೀಲಿ ಹಾಕ್ಸಿ, ಆಗ್ಲಿಲ್ವಾ, ಕರೆಂಟ್ ಗೀಸರ್ ಸಾಕು. ಮನೆ ಓನರ್ ಏನಂತಾರೆ ಅಂತ ಸುಮ್ನಿರ್ಬೇಡಿ, ಕೇಳಿ.

ಇನ್ನೊಂದು, ಸಿಲಿಂಡರ್ ಗ್ಯಾಸ್ ಗಾಳಿಗಿಂತ ಭಾರ, ಲೀಕಾದ್ರೆ ನೆಲದಲ್ಲಿ ಕೂರತ್ತೆ, ಪೈಪ್ ಗ್ಯಾಸ್ ಹಗುರ, ಮೇಲೆ ಹೋಗತ್ತೆ. ಹಾಗಾಗಿ ಪೈಪ್ ಬಂದ್ಮೇಲೆ ಮೇಲಿನ ವೆಂಟಿಲೇಟರ್‌ಗೆ ರಟ್ಟು ಹೊಡಿಬೇಡಿ, ವಾಲ್ವನ್ನ ಮಾಡ್ಯುಲರ್ ಕಿಚನ್ ಕಪಾಟಿನ ಒಳಗೆ ಮುಚ್ಬೇಡಿ. ಎರಡೂ ಇರ್ಲಿ ಅಂತ ಒಂದೇ ಒಲೆಗೆ ಟಿ ಜಾಯಿಂಟ್ ಹಾಕಿ ಪೈಪು ಸಿಲಿಂಡರು ಎರಡನ್ನೂ ಸೇರಿಸೋದಂತೂ ಬೇಡವೇ ಬೇಡ. ಜೆಟ್ ಹಾಕಿಸಿದ ಮೇಲೆ ಪ್ರತಿ ಜಾಯಿಂಟ್‌ಗೂ ಸೋಪ್ ನೀರು ಹಚ್ಚಿ ನೋಡಿ, ಬೆಂಕಿಕಡ್ಡಿ ಅಲ್ಲ. ಸಿಲಿಂಡರ್ ಲೀಕಾದ್ರೆ 1906ಕ್ಕೆ ಫೋನ್ ಮಾಡಿ, ಪೈಪ್‌ದು ಎಮರ್ಜೆನ್ಸಿ ನಂಬರ್ ಬಿಲ್ ಮೇಲಿರತ್ತೆ, ಅದನ್ನ ಫ್ರಿಜ್ ಮೇಲೆ ಅಂಟಿಸಿ. ಹೊಸ ಒಲೆನೇ ತಗೊಳ್ಳೋದಾದ್ರೆ ಐಎಸ್‌ಐ ಗುರುತಿನ ಜೊತೆ ನಂಬರ್ ನೋಡಿ, ಸಿಲಿಂಡರ್ ಒಲೆಗೆ ಐಎಸ್ 4246, ಪೈಪ್ ಗ್ಯಾಸ್ ಒಲೆಗೆ ಐಎಸ್ 17153.

ಮತ್ತೆ ಕನೆಕ್ಷನ್ ಕೊಡೋಕೆ ಬಂದವ್ರು ಹಳೇ ಜೆಟ್ ಬಿಚ್ಚಿದ ತಕ್ಷಣ ಕೈ ಚಾಚಿ ಇಸ್ಕೊಳ್ಳಿ. ನಮ್ಮದು ಪೈಪ್‌ದು ಮೂರು ಜೆಟ್ಟು ಈಗ ಒಂದು ಪುಟ್ಟ ಪ್ಲಾಸ್ಟಿಕ್ ಕವರಲ್ಲಿ, ಒಲೆ ಅಡೀಲೇ ಟೇಪ್ ಹಾಕಿ ಅಂಟ್ಸಿದೀನಿ, ಮೇಲೆ ಅತ್ತೆ ತಾವೇ ಪೆನ್ನಲ್ಲಿ ಬರೆದಿದಾರೆ, ಸಿಲಿಂಡರ್‌ಗೆ ಹಾಕ್ಬೇಡಿ ಅಂತ.